ಉಜ್ಜುವ ಮೊದಲು ಓದಬೇಕಾದ ಗುರುತುಗಳು: ಹಳೆಯ ಮಿನಿಬೈಕೊಂದರ ದುರಸ್ತಿ

ಹಳೆಯ ಮಿನಿಬೈಕ್, ಅಂದರೆ ಚಿಕ್ಕ ಎಂಜಿನ್ ಕೂರಿಸಿದ ಪುಟ್ಟ ಮೋಟಾರುಬೈಕು, ಕೈಗೆ ಬಂದೊಡನೆ ತುಕ್ಕನ್ನೆಲ್ಲ ಉಜ್ಜಿ ತೆಗೆದು ಹೊಸ ಬಣ್ಣ ಹೊಡೆಯಬೇಕೆಂಬ ಆತುರ ಸಹಜವಾದದ್ದು. ಆದರೆ ಗಾಡಿ ಯಾರು ಮಾಡಿದ್ದು, ಯಾವ ಕಾಲದ್ದು ಎಂದು ತಿಳಿಸುವ ಗುರುತುಗಳು ಉಳಿದಿರುವುದು ಆ ತುಕ್ಕಿನ ಕೆಳಗೆ ಮತ್ತು ಹಳೆಯ ಬಣ್ಣದ ಪದರಗಳಲ್ಲಿ. ಎಮರಿ ಕಾಗದ ಒಮ್ಮೆ ಆಡಿತೆಂದರೆ ಅವು ಮತ್ತೆ ಸಿಗುವುದಿಲ್ಲ. ಆದ್ದರಿಂದ ನನ್ನ ಬಳಿಯಿರುವ ಗಾಡಿಯ ಕೆಲಸವನ್ನು ನಾನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಒಂದು ಟಾರ್ಚು ಮತ್ತು ಒಂದು ನೋಟ್‌ಬುಕ್ಕಿನೊಂದಿಗೆ ಆರಂಭಿಸಿದೆ.

ಈ ಗಾಡಿಗಳ ಸುಗ್ಗಿಯ ಕಾಲ 1950ರ ದಶಕದ ಕೊನೆಯಿಂದ 1970ರ ದಶಕದ ಮೊದಲ ಭಾಗದವರೆಗೆ, ಅಮೆರಿಕದಲ್ಲಿ. ಯೂಟಾದ ಗುಡ್ಡಗಾಡಿಗೆಂದೇ ಹುಟ್ಟಿದ ಟೋಟ್ ಗೋಟ್, ಕ್ಯಾಲಿಫೋರ್ನಿಯಾದ ಟಾಕೋ, ಓಹಾಯೋದ ಮ್ಯಾನ್ಸ್‌ಫೀಲ್ಡ್‌ನಲ್ಲಿ ತಯಾರಾದ ರಪ್ ಇವೆಲ್ಲ ಆ ಕಾಲದ ಹೆಸರುಗಳು. ರಪ್ ಕಂಪನಿಯನ್ನು ನಡೆಸಿದ ಮಿಕಿ ರಪ್ 1965ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಆರನೆಯವರಾಗಿ ಗುರಿ ಮುಟ್ಟಿದವರು. ಇವುಗಳ ಜೊತೆಗೆ, ನಿಯತಕಾಲಿಕೆಗಳಲ್ಲಿ ಬಂದ ನಕ್ಷೆ ನೋಡಿಕೊಂಡು ಮನೆಯಲ್ಲೇ ಬೆಸುಗೆ ಹಾಕಿದ ಗಾಡಿಗಳೂ ಬಹಳ ಇದ್ದವು. ಚಾಸಿಸ್ ಯಾರದೇ ಆಗಿರಲಿ, ಎಂಜಿನ್ ಮಾತ್ರ ಹೆಚ್ಚಾಗಿ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಅಥವಾ ಟೆಕಮ್ಸೆ ಕಂಪನಿಯಿಂದ ಕೊಂಡು ತಂದದ್ದಾಗಿರುತ್ತಿತ್ತು. ಕೆಟ್ಟ ಎಂಜಿನ್ನನ್ನು ಬಿಚ್ಚಿಟ್ಟು ಉಳುವ ಯಂತ್ರದಿಂದಲೋ ಪಂಪಿನಿಂದಲೋ ತೆಗೆದದ್ದನ್ನು ಕೂರಿಸುವುದು ಸುಲಭವಾಗಿದ್ದುದರಿಂದ, ಎಂಜಿನ್ ಮತ್ತು ಚಾಸಿಸ್ ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು. ಎಂಜಿನ್ನಿನ ತಾರೀಖನ್ನು ಗಾಡಿಯ ತಾರೀಖೆಂದು ನಂಬುವವರೇ ಹೆಚ್ಚು, ಮಾರಾಟಕ್ಕಿಟ್ಟಾಗ ಆ ತಪ್ಪು ಹಾಗೆಯೇ ಮುಂದಿನವರಿಗೆ ದಾಟಿಹೋಗುತ್ತದೆ.

ಬ್ರಿಗ್ಸ್ ಎಂಜಿನ್ನಿನ ಸಂಖ್ಯೆ ಫ್ಲೈವೀಲನ್ನು (ಶಾಫ್ಟಿನ ತುದಿಯಲ್ಲಿ ತಿರುಗುವ ಭಾರದ ಚಕ್ರವನ್ನು) ಮುಚ್ಚುವ ತಗಡಿನ ಹೊದಿಕೆಯ ಮೇಲೆ ಅಚ್ಚಾಗಿರುತ್ತದೆ. ನನ್ನ ಎಂಜಿನ್ನಿನಲ್ಲಿ ಅದರ ಮೇಲೆ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾಗಿ, ಅದರ ಮೇಲೆ ಯಾರೋ ಕಪ್ಪು ಬಣ್ಣ ಹೊಡೆದಿದ್ದರು. ಬಣ್ಣವನ್ನು ಬಟ್ಟೆಯಿಂದ ಮೆಲ್ಲಗೆ ಮೆದುಗೊಳಿಸಿ, ಸೀಮೆಸುಣ್ಣವನ್ನು ಅಡ್ಡಲಾಗಿ ತಿಕ್ಕಿ, ಟಾರ್ಚನ್ನು ಪಕ್ಕದಿಂದ ಹಿಡಿದಾಗ ಅಂಕೆಗಳು ಒಂದೊಂದಾಗಿ ಎದ್ದು ಕಂಡವು. ಮಾದರಿ ಸಂಖ್ಯೆ 130202 ಎಂದಿದ್ದರೆ ಮೊದಲ 13 ಎಂಬುದು ಸಿಲಿಂಡರಿನ ಗಾತ್ರವನ್ನು ಘನ ಅಂಗುಲಗಳಲ್ಲಿ ಸುಮಾರಾಗಿ ಹೇಳುತ್ತದೆ. ಇದು 5 ಅಶ್ವಶಕ್ತಿಯ ಎಂಜಿನ್. 80202 ಎಂದಿದ್ದರೆ 8 ಘನ ಅಂಗುಲದ, 3 ಅಶ್ವಶಕ್ತಿಯ ಚಿಕ್ಕ ಎಂಜಿನ್. ಮುಂದಿನ ಅಂಕೆಗಳು ಶಾಫ್ಟ್ ಅಡ್ಡಲಾಗಿದೆಯೋ ನೆಟ್ಟಗಿದೆಯೋ, ಬೇರಿಂಗ್ ಎಂಥದು, ಸ್ಟಾರ್ಟರ್ ಯಾವುದು ಎಂಬುದಕ್ಕೆ ಸಂಬಂಧಿಸಿದವು. ಕಾಲವನ್ನು ತಿಳಿಸುವುದು ಕೋಡ್ ಸಂಖ್ಯೆ: 71051208 ಎಂದರೆ 1971ರ ಮೇ 12, ಉಳಿದ ಎರಡು ಅಂಕೆ ಕಾರ್ಖಾನೆಯ ಒಳಲೆಕ್ಕಕ್ಕೆ. ಹೊದಿಕೆ ಮಾತ್ರ ಬೇರೆ ಎಂಜಿನ್ನಿನದಾಗಿರುವ ಸಾಧ್ಯತೆಯೂ ಇರುವುದರಿಂದ, ಹೆಡ್ ಬಿಚ್ಚಿ ಸಿಲಿಂಡರಿನ ವ್ಯಾಸವನ್ನು ಅಳೆದು ಖಚಿತಪಡಿಸಿಕೊಳ್ಳುವುದು ಲೇಸು. 5 ಅಶ್ವಶಕ್ತಿಯದರಲ್ಲಿ ಅದು 2 9/16 ಅಂಗುಲ, 3 ಅಶ್ವಶಕ್ತಿಯದರಲ್ಲಿ 2 3/8 ಅಂಗುಲ.

ಟೆಕಮ್ಸೆಯ ಕ್ರಮ ಬೇರೆ. ಎಚ್35 ಎಂದರೆ ಅಡ್ಡ ಶಾಫ್ಟಿನ, ಮೂರೂವರೆ ಅಶ್ವಶಕ್ತಿಯ ಎಂಜಿನ್. ಅದರ ಸೀರಿಯಲ್ ಸಂಖ್ಯೆಯ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ನಂತರದ ಮೂರು ಅಂಕೆಗಳು ವರ್ಷದ ಎಷ್ಟನೆಯ ದಿನ ಎಂಬುದನ್ನು ಹೇಳುತ್ತವೆ. 1132 ಎಂದಿದ್ದರೆ 132ನೆಯ ದಿನ ಎಂಬುದು ಗೊತ್ತಾಗುತ್ತದೆ, ಆದರೆ ಅದು 1961ರದೋ 1971ರದೋ ಎಂಬುದನ್ನು ಎಂಜಿನ್ನಿನ ಉಳಿದ ಲಕ್ಷಣಗಳಿಂದ ನಿರ್ಧರಿಸಬೇಕು.

ಚಾಸಿಸ್ಸಿನಲ್ಲಿ ನಾನು ಮೊದಲು ನೋಡುವುದು ಎಂಜಿನ್ ಕೂರುವ ತಟ್ಟೆಯನ್ನು. ಕಾರ್ಖಾನೆಯ ತೂತುಗಳ ಅಂಚು ನುಣುಪಾಗಿರುತ್ತದೆ. ಪಕ್ಕದಲ್ಲೇ ಅಂಚು ಹರಿದ, ಸಾಲು ತಪ್ಪಿದ ತೂತುಗಳಿದ್ದರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ. ನನ್ನ ಗಾಡಿಯಲ್ಲಿ ಅಂಥ ತೂತುಗಳಿವೆ. ಬ್ರೇಕ್ ಕೂಡ ಒಳ್ಳೆಯ ಸಾಕ್ಷಿ: ಅಗ್ಗದ ಗಾಡಿಗಳಲ್ಲಿ ಕಬ್ಬಿಣದ ತುಂಡೊಂದು ನೇರವಾಗಿ ಟೈರನ್ನೇ ಒತ್ತುತ್ತದೆ, ಒಳ್ಳೆಯ ತಯಾರಕರ ಗಾಡಿಗಳಲ್ಲಿ ಡ್ರಮ್ ಇರುತ್ತದೆ.

ಎಂಜಿನ್ನಿನ ಆರೋಗ್ಯವನ್ನು ತಿಳಿಯಲು, ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಗೇಜ್ ಈ ಬ್ರಿಗ್ಸ್ ಎಂಜಿನ್ನುಗಳಿಗೆ ಅಷ್ಟಾಗಿ ಒದಗುವುದಿಲ್ಲ. ಹಗ್ಗ ಎಳೆಯುವುದು ಹಗುರವಾಗಲೆಂದು ಇವುಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ಕಂಪ್ರೆಷನ್ನಿನ ವೇಳೆ ಇನ್‌ಟೇಕ್ ವಾಲ್ವನ್ನು ತುಸು ತೆರೆದಿಡುವಂತೆ ರೂಪಿಸಿರುವುದರಿಂದ ಗೇಜಿನಲ್ಲಿ ಅಂಕಿ ಕಡಿಮೆಯೇ ಬರುತ್ತದೆ. ಫ್ಲೈವೀಲನ್ನು ಕೈಯಿಂದ ಹಿಮ್ಮುಖವಾಗಿ ಜೋರಾಗಿ ತಿರುಗಿಸಿದಾಗ ಅದು ಒತ್ತಡಕ್ಕೆ ತಾಗಿ ಚುರುಕಾಗಿ ಪುಟಿದು ಬಂದರೆ ಸಿಲಿಂಡರ್ ಮತ್ತು ವಾಲ್ವ್‌ಗಳು ಸರಿಯಾಗಿವೆ ಎಂದು ತಿಳಿಯಬಹುದು. ನನ್ನ ಎಂಜಿನ್ ಪುಟಿಯಿತು, ಆದರೆ ಕಿಡಿ ಇರಲಿಲ್ಲ. ಫ್ಲೈವೀಲ್ ತೆಗೆದಾಗ, ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸಂಪರ್ಕ ಬಿಂದುಗಳಾದ ಪಾಯಿಂಟುಗಳ ಮೇಲೆ ಬೂದುಬಣ್ಣದ ಪೊರೆ ಕಟ್ಟಿತ್ತು ಮತ್ತು ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸುವ ಮೃದು ಲೋಹದ ಕೀ ಅರ್ಧದಷ್ಟು ಜರುಗಿ ಮೆಟ್ಟಿಲಿನಂತಾಗಿತ್ತು. ಈ ಕೀ ಸ್ವಲ್ಪ ಜರುಗಿದರೂ ಕಿಡಿ ಹೊತ್ತುವ ಸಮಯ ತಪ್ಪುತ್ತದೆ. ಮುರಿಯದಿರಲೆಂದು ಉಕ್ಕಿನ ಕೀ ಹಾಕುವವರಿದ್ದಾರೆ, ಅದನ್ನು ಮಾಡಲೇಬಾರದು. ಪಾಯಿಂಟುಗಳ ಒಂದು ಮುಖ ಕಂಡೆನ್ಸರಿನದೇ ಆಗಿರುವುದರಿಂದ ಎರಡನ್ನೂ ಬದಲಿಸಿ, ಕಂಡೆನ್ಸರನ್ನು ಸರಿಸುತ್ತಾ ಅಂತರವನ್ನು 0.020 ಅಂಗುಲಕ್ಕೆ ತಂದೆ. ಕಾಯಿಲ್ ಮತ್ತು ಫ್ಲೈವೀಲಿನ ನಡುವೆ 0.010ರಿಂದ 0.014 ಅಂಗುಲ ಬಿಟ್ಟಾಗ ನೀಲಿ ಕಿಡಿ ಚಟಪಟನೆ ಹಾರಿತು. ಟ್ಯಾಂಕಿನ ಮೇಲೆ ಕೂರುವ ಕಾರ್ಬ್ಯುರೇಟರಿನ ಡಯಾಫ್ರಮ್ ಒಣಗಿ ಕಾಗದದಂತೆ ಸೆಟೆದಿದ್ದರಿಂದ ಅದನ್ನೂ ಹೊಸದಾಗಿ ಹಾಕಿದ್ದೇನೆ.

ಎಂಜಿನ್ನಿನ ವೇಗ ಮಿತಿಮೀರದಂತೆ ತಡೆಯುವ ಗವರ್ನರನ್ನು ಮಾತ್ರ ನಾನು ಮುಟ್ಟಿಲ್ಲ. ವೇಗ ಹೆಚ್ಚಲೆಂದು ಅದನ್ನು ಕಿತ್ತುಹಾಕುವುದು ಮಿನಿಬೈಕುಗಳಲ್ಲಿ ಹಳೆಯ ಚಾಳಿ. ನಿಮಿಷಕ್ಕೆ 3600 ಸುತ್ತಿಗೆಂದು ಮಾಡಿದ ಎಂಜಿನ್ ಅದರಾಚೆ ಓಡಿದರೆ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್ ಮುರಿಯಬಹುದು, ಹಳೆಯ ಫ್ಲೈವೀಲ್ ಸಿಡಿದರೆ ಸವಾರನ ಕಾಲು ಅದರ ಪಕ್ಕದಲ್ಲೇ ಇರುತ್ತದೆ.

ಈಗ ಬಾಕಿಯಿರುವುದು ವಾಲ್ವ್ ಅಂತರ, ಅಂದರೆ ವಾಲ್ವ್ ಕಾಂಡಕ್ಕೂ ಅದನ್ನು ಎತ್ತುವ ಭಾಗಕ್ಕೂ ನಡುವಿನ ಸಂದು. ಇದರಲ್ಲಿ ತಿರುಗಿಸಿ ಹೊಂದಿಸುವ ಸ್ಕ್ರೂ ಇಲ್ಲ, ಅಂತರ ಕಡಿಮೆಯಿದ್ದರೆ ವಾಲ್ವ್ ಕಾಂಡದ ತುದಿಯನ್ನು ತುಸುತುಸುವೇ ಅರೆಯಬೇಕು. ಇನ್‌ಟೇಕಿಗೆ 0.005ರಿಂದ 0.007, ಎಗ್ಸಾಸ್ಟಿಗೆ 0.009ರಿಂದ 0.011 ಅಂಗುಲ ಸಿಗುವವರೆಗೆ ಅರೆದು, ಪ್ರತಿ ಸಲವೂ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿ ನೋಡಬೇಕು. ಅದಾದ ಮೇಲೆ ಎಂಜಿನ್ ಚಾಸಿಸ್ಸಿನ ಮೇಲೆ ಕೂರುತ್ತದೆ, ಕಾರ್ಖಾನೆಯ ಮೂಲ ತೂತುಗಳಲ್ಲೇ.