ದೆ ಮೇಸಾ ಹೇಡಿಯಾಗಿದ್ದರೇ?

ಡೆನ್ಮಾರ್ಕಿನ ಇತಿಹಾಸದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. 1864ರ ಫೆಬ್ರವರಿಯಲ್ಲಿ ಡಾನೆವಿರ್ಕೆಯ ರಕ್ಷಣಾ ಸಾಲನ್ನು ಒಂದು ಗುಂಡೂ ಹಾರಿಸದೆ ಶತ್ರುವಿಗೆ ಬಿಟ್ಟು ರಾತ್ರೋರಾತ್ರಿ ಹೊರಟುಹೋದ ಡೆನ್ಮಾರ್ಕಿನ ಸೇನಾಪತಿ ದೆ ಮೇಸಾರನ್ನು ನೀವೇಕೆ ಮೆಚ್ಚುತ್ತೀರಿ, ಆತ ಹೇಡಿಯಲ್ಲವೇ ಎಂದು ಕೇಳುತ್ತಾರೆ. ಅಲ್ಲ ಎಂಬುದು ನನ್ನ ಉತ್ತರ. ಆದರೆ ಅಷ್ಟಕ್ಕೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಆ ರಾತ್ರಿಗಿಂತ ಬಹಳ ಹಿಂದಿನಿಂದಲೇ ಆರಂಭಿಸಬೇಕಾಗುತ್ತದೆ.

ಕ್ರಿಶ್ಚಿಯನ್ ಯೂಲಿಯುಸ್ ದೆ ಮೇಸಾ ಹುಟ್ಟಿದ್ದು 1792ರಲ್ಲಿ, ಹೆಲ್ಸಿಂಗೋರ್ ಪಟ್ಟಣದಲ್ಲಿ. ತಂದೆ ವೈದ್ಯರು, ಮನೆತನದ ಮೂಲ ಪೋರ್ಚುಗಲ್‌ನ ಯೆಹೂದ್ಯರದು. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ನಿನ ಮೇಲೆ ಫಿರಂಗಿಗಳ ಮಳೆಗರೆದಾಗ ಹದಿನೈದರ ಹುಡುಗನಾಗಿ ನಗರದ ರಕ್ಷಣೆಯಲ್ಲಿ ಪಾಲ್ಗೊಂಡರು. ಅಲ್ಲಿಂದ ಫಿರಂಗಿದಳವೇ ಅವರ ಮನೆ. 1814ರಲ್ಲಿ ನಾರ್ವೆಯನ್ನು ಕಳೆದುಕೊಂಡ ಡೆನ್ಮಾರ್ಕ್ ಮುಂದಿನ ಮೂವತ್ತನಾಲ್ಕು ವರ್ಷ ಯುದ್ಧವನ್ನೇ ಕಾಣಲಿಲ್ಲ; ಅಂಥ ಕಾಲದಲ್ಲಿ ಅಧಿಕಾರಿಗಳಿಗೆ ಬಡ್ತಿ ಸಿಗುತ್ತಿದ್ದುದು ಆಮೆಯ ನಡಿಗೆಯಲ್ಲಿ. ದೆ ಮೇಸಾ ಕಿರಿಯ ಅಧಿಕಾರಿಗಳಿಗೆ ಪಾಠ ಹೇಳಿದರು, ಭಾಷೆಗಳನ್ನು ಕಲಿತರು, ಸಂಗೀತದಲ್ಲಿ ಮುಳುಗಿದರು. ಸಿಡಿಮದ್ದಿನ ನಡುವೆ ನಿಂತು ಹೆಸರು ಮಾಡುವ ಹೊತ್ತಿಗೆ ಅವರಿಗೆ ಐವತ್ತಾರು ದಾಟಿತ್ತು.

ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಎಂಬ ಎರಡು ಡಚಿಗಳು (ಡ್ಯೂಕರ ಸಂಸ್ಥಾನಗಳು) ಡೆನ್ಮಾರ್ಕ್, ಜರ್ಮನರು ಇಬ್ಬರಲ್ಲಿ ಯಾರಿಗೆ ಸೇರಬೇಕೆಂಬ ತಕರಾರು 1848ರಲ್ಲಿ ಯುದ್ಧವಾಗಿ ಸಿಡಿಯಿತು. 1849ರ ಜುಲೈ 6ರಂದು ಮುತ್ತಿಗೆಗೆ ಒಳಗಾಗಿದ್ದ ಫ್ರೆಡೆರಿಸಿಯಾದ ಕೋಟೆಯಿಂದ ಡೇನರು ಹೊರನುಗ್ಗಿ ಶತ್ರುವನ್ನು ಓಡಿಸಿದಾಗ ಒಂದು ಬ್ರಿಗೇಡಿನ ಮುಂದಾಳತ್ವ ಅವರದಾಗಿತ್ತು. ಮರುವರ್ಷ ಜುಲೈ 25ರಂದು ನಡೆದ ಇಸ್ತೆಡ್ ಕಾಳಗದಲ್ಲಿ ಜನರಲ್ ಶ್ಲೆಪ್ಪೆಗ್ರೆಲ್ ಗಾಯಗೊಂಡು ಬಿದ್ದು ಅವರ ಡಿವಿಜನ್ ಚದುರುವಂತಾಗಿದ್ದಾಗ, ಅದರ ಹೊಣೆಯನ್ನು ವಹಿಸಿಕೊಂಡು ಸಾಲನ್ನು ಮತ್ತೆ ನಿಲ್ಲಿಸಿದವರೂ ಇವರೇ. ಹೇಡಿ ಎನ್ನುವವರು ಈ ಎರಡು ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇನ್ನು ಡಾನೆವಿರ್ಕೆ. ನಮ್ಮ ಕೆರೆಯ ಏರಿಯನ್ನು ಮೈಲಿಗಟ್ಟಲೆ ಎಳೆದಂತಿರುವ ಈ ಮಣ್ಣಿನ ಗೋಡೆ ಜಟ್‌ಲ್ಯಾಂಡ್ ಪರ್ಯಾಯದ್ವೀಪದ ಬುಡಕ್ಕೆ ಅಡ್ಡಲಾಗಿದೆ. ಇಂದು ಆ ಜಾಗ ಜರ್ಮನಿಗೆ ಸೇರಿದ್ದು, 2018ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕ್ರಿ.ಶ. 808ರಲ್ಲಿ ದೊರೆ ಗುಡ್‌ಫ್ರೆಡ್ ಅದನ್ನು ಕಟ್ಟಿಸಿದನೆಂದು ಫ್ರಾಂಕರ ದಾಖಲೆ ಹೇಳುತ್ತದೆ; ಅಗೆದು ನೋಡಿದವರಿಗೆ ಅದಕ್ಕಿಂತಲೂ ಹಳೆಯ ಪದರಗಳು ಸಿಕ್ಕಿವೆ. ಹತ್ತೊಂಬತ್ತನೆಯ ಶತಮಾನದ ಡೇನರಿಗೆ ಅದು ಗೋಡೆಯಷ್ಟೇ ಆಗಿರಲಿಲ್ಲ, ಜರ್ಮನರು ದಾಟಲಾಗದ ಗಡಿಯೆಂಬ ನಂಬಿಕೆಯಾಗಿತ್ತು.

ಡಚಿಗಳ ಅದೇ ತಕರಾರು 1864ರಲ್ಲಿ ಮತ್ತೆ ಯುದ್ಧವಾದಾಗ ಈ ನಂಬಿಕೆಯನ್ನು ಕಾಯಲು ನಲವತ್ತು ಸಾವಿರಕ್ಕಿಂತ ತುಸು ಕಡಿಮೆ ಸೈನಿಕರಿದ್ದರು. ಎದುರಿಗೆ ಎಂಬತ್ತರ ಅಂಚಿನಲ್ಲಿದ್ದ ಫೀಲ್ಡ್ ಮಾರ್ಷಲ್ ವ್ರಾಂಗೆಲ್‌ರ ಕೈಕೆಳಗೆ ಜರ್ಮನ್ ರಾಜ್ಯವಾದ ಪ್ರಷ್ಯ ಮತ್ತು ಆಸ್ಟ್ರಿಯಗಳ ಸುಮಾರು ಅರವತ್ತು ಸಾವಿರ. ಗೋಡೆಯ ಬಲವಿದ್ದುದು ನಿಜವಾಗಿ ಅದರ ಅಕ್ಕಪಕ್ಕದ ನೀರಿನಲ್ಲಿ: ಪೂರ್ವಕ್ಕೆ ಶ್ಲೈ ಎಂಬ ಉದ್ದನೆಯ ಹಿನ್ನೀರು, ಪಶ್ಚಿಮಕ್ಕೆ ಜೌಗು. ಆ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟತೊಡಗಿತು. ಜೌಗು ಬಯಲಾಯಿತು, ಹಿನ್ನೀರು ದಾರಿಯಾಗುವ ಹಂತಕ್ಕೆ ಬಂತು, ತಂಗಲು ಸಾಕಷ್ಟು ಸೂರಿಲ್ಲದ ಸೈನಿಕರು ಬಯಲಲ್ಲೇ ನಡುಗುತ್ತಿದ್ದರು. ಫೆಬ್ರವರಿ 2ರಂದು ಮಿಸುಂಡೆಯಲ್ಲಿ ಪ್ರಷ್ಯನ್ನರ ದಾಳಿಯನ್ನು ಡೇನರು ಹಿಮ್ಮೆಟ್ಟಿಸಿದರು. ಮರುದಿನ ಆಸ್ಟ್ರಿಯನ್ನರು ಗೋಡೆಯ ಮುಂದಿನ ಕೊಂಗ್ಸ್‌ಹೋಯ್ ದಿಬ್ಬವನ್ನು ಗೆದ್ದುಕೊಂಡರು. ಒಂದು ಗುಂಡೂ ಹಾರಲಿಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಪ್ರಶ್ನೆ ಕೇಳುವವರಿಗೆ ಸಾಮಾನ್ಯವಾಗಿ ಗೊತ್ತಿರದ ಸಂಗತಿಯೊಂದಿದೆ. ಯುದ್ಧಮಂತ್ರಿ ಲುಂಡ್‌ಬ್ಯೂ ಜನವರಿಯಲ್ಲೇ ಕೊಟ್ಟಿದ್ದ ಲಿಖಿತ ಸೂಚನೆಯ ತಿರುಳು, ಡಾನೆವಿರ್ಕೆಗಾಗಿ ಹೋರಾಡುವ ಭರದಲ್ಲಿ ಸೈನ್ಯದ ಅಸ್ತಿತ್ವವನ್ನೇ ಪಣಕ್ಕಿಡಬಾರದು ಎಂಬುದಾಗಿತ್ತು. ರಾಜಕಾರಣಿಗಳು ಜನರೆದುರು ಗೋಡೆಯ ಹೆಸರಿನಲ್ಲಿ ಗರ್ಜಿಸುತ್ತ, ಕಾಗದದಲ್ಲಿ ಮಾತ್ರ ಸೇನಾಪತಿಗೆ ಬೇರೆಯೇ ಹೇಳಿದ್ದರು. ಫೆಬ್ರವರಿ 4ರ ಸಂಜೆ ದೆ ಮೇಸಾ ತಮ್ಮ ಹಿರಿಯ ಅಧಿಕಾರಿಗಳನ್ನು ಕೂಡಿಸಿ ಅಭಿಪ್ರಾಯ ಕೇಳಿದಾಗ ಹತ್ತು ಮಂದಿ ಹಿಂದೆ ಸರಿಯಬೇಕೆಂದರು, ಜನರಲ್ ಲ್ಯುಟ್ಟಿಚೌ ಒಬ್ಬರೇ ಬೇಡವೆಂದರು. ಮರುಸಂಜೆ ಸೈನ್ಯ ಹೊರಟಿತು.

ಕಿಟಕಿಯ ಸಂದಿಯಿಂದ ನುಸುಳುವ ಗಾಳಿಗೂ ವಿಪರೀತ ಅಂಜುತ್ತಿದ್ದರೆಂದು ಹೆಸರಾದ ಎಪ್ಪತ್ತೆರಡರ ಈ ಮುದುಕರು, ಹಿಮ ಸುರಿಯುತ್ತಿದ್ದ ಆ ರಾತ್ರಿಯಲ್ಲಿ, ಗಾಜಿನಂತೆ ಜಾರುತ್ತಿದ್ದ ರಸ್ತೆಯ ಮೇಲೆ, ಇಡೀ ಸೈನ್ಯವನ್ನು ಶತ್ರುವಿನ ಮೂಗಿನಡಿಯಿಂದ ಉತ್ತರದ ಫ್ಲೆನ್ಸ್‌ಬರ್ಗಿನತ್ತ ಸಾಗಿಸಿದರು. ಬೆಳಗಿನ ಜಾವದವರೆಗೆ ಎದುರಾಳಿಗೆ ಸುಳಿವು ಸಿಗಲಿಲ್ಲ. ಬೆನ್ನಟ್ಟಿ ಬಂದ ಆಸ್ಟ್ರಿಯನ್ನರನ್ನು 6ರಂದು ಸಾಂಕೆಲ್‌ಮಾರ್ಕ್ ಬಳಿ ಕರ್ನಲ್ ಮಾಕ್ಸ್ ಮ್ಯುಲ್ಲರ್ ಅವರ ಹಿಂಗಾವಲು ಪಡೆ ತಡೆದು, ಬಹಳ ಮಂದಿಯನ್ನು ಕಳೆದುಕೊಂಡರೂ, ಸೈನ್ಯ ಪಾರಾಗುವಷ್ಟು ಹೊತ್ತು ಗಳಿಸಿಕೊಟ್ಟಿತು. ಅದೇ ಬೆಳಿಗ್ಗೆ ಪ್ರಷ್ಯನ್ನರು ಪೂರ್ವದಲ್ಲಿ ಆರ್ನಿಸ್ ಎಂಬಲ್ಲಿ ಶ್ಲೈಯನ್ನು ದಾಟಿದರು. ಡೇನರು ಇನ್ನೂ ಗೋಡೆಯ ಹಿಂದೆಯೇ ಇದ್ದಿದ್ದರೆ ಈ ಪಡೆ ಅವರ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ದಾಟಿದವರಿಗೆ ಸಿಕ್ಕಿದ್ದು ಖಾಲಿ ದಡ. ನನ್ನ ಮಟ್ಟಿಗೆ ವಾದ ಇಲ್ಲಿಗೆ ಮುಗಿಯಿತು.

ಹಾಗೆಂದು ಅವರದು ತಪ್ಪೇ ಇಲ್ಲವೆಂದು ನಾನು ಹೇಳುವುದಿಲ್ಲ. ಜೀವಮಾನವಿಡೀ ಫಿರಂಗಿದಳದಲ್ಲಿ ದುಡಿದ ಮನುಷ್ಯ ನೂರಕ್ಕೂ ಹೆಚ್ಚು ಭಾರಿ ಫಿರಂಗಿಗಳನ್ನು ಬಿಟ್ಟುಹೋಗಬೇಕಾಯಿತು. ಅವುಗಳನ್ನು ಆ ಮಂಜಿನ ರಸ್ತೆಯಲ್ಲಿ ಎಳೆಸುವುದು ಒಂದು ರಾತ್ರಿಯ ಕೆಲಸವಲ್ಲ, ಎಳೆಸಲು ಹೊರಟಿದ್ದರೆ ಗುಟ್ಟು ರಟ್ಟಾಗುತ್ತಿತ್ತು, ನಿಜ. ಆದರೆ ಹಿಂದೆ ಸರಿಯುವ ಸಾಧ್ಯತೆ ಜನವರಿಯಲ್ಲೇ ಕಾಗದದ ಮೇಲಿತ್ತಲ್ಲ, ಅದಕ್ಕೆ ತಕ್ಕ ಸಿದ್ಧತೆ ಏಕಿರಲಿಲ್ಲ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಜನ ದೇಶದ್ರೋಹವೆಂದು ಕೂಗಿದರು. ತಾನೇ ಕೊಟ್ಟಿದ್ದ ಸೂಚನೆಯನ್ನು ಎತ್ತಿ ತೋರಿಸಿ ಸೇನಾಪತಿಯ ಬೆನ್ನಿಗೆ ನಿಲ್ಲುವ ಬದಲು ಸರಕಾರ ಅವರನ್ನೂ ಅವರ ಮುಖ್ಯ ಸಹಾಯಕ ಅಧಿಕಾರಿ ಕೌಫ್‌ಮನ್‌ರನ್ನೂ ರಾಜಧಾನಿಗೆ ಕರೆಸಿಕೊಂಡಿತು. ದೆ ಮೇಸಾ ಮತ್ತೆಂದೂ ರಣರಂಗದ ಅಧಿಕಾರಕ್ಕೆ ಮರಳಲಿಲ್ಲ; 1865ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಅವರ ಜಾಗಕ್ಕೆ ಬಂದ ಜನರಲ್ ಗೆರ್ಲಾಕ್, ಅವರು ಉಳಿಸಿ ತಂದ ಸೈನ್ಯದೊಂದಿಗೆ ಡ್ಯುಬೊಲ್ ದಿಬ್ಬದ ಮೇಲೆ ನಿಂತರು. ಏಪ್ರಿಲ್ ಹೊತ್ತಿಗೆ ಪ್ರಷ್ಯನ್ನರ ಫಿರಂಗಿಗಳು ಅಲ್ಲಿನ ಕಾವಲು ಕೋಟೆಗಳನ್ನು ಪುಡಿಮಾಡಿದ್ದವು. ಅಲ್ಲಿಂದ ಹಿಂದೆ ಸರಿಯುವುದೇ ಲೇಸೆಂದು ಗೆರ್ಲಾಕ್ ಕೂಡ ಬಗೆದರು. ಈ ಬಾರಿ ಸರಕಾರ ತಂತಿಯ ಮೂಲಕ ಅಲ್ಲೇ ನಿಲ್ಲಬೇಕೆಂದು ಆಜ್ಞಾಪಿಸಿತು, ಅವರು ಆಜ್ಞೆಯನ್ನು ಪಾಲಿಸಿದರು. 18ರ ಬೆಳಿಗ್ಗೆ ಹತ್ತು ಗಂಟೆಗೆ ಪ್ರಷ್ಯನ್ನರು ನುಗ್ಗಿದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರೆಲ್ಲ ಸೇರಿ ಆ ಒಂದು ದಿನದಲ್ಲಿ ಡೇನರು ಕಳೆದುಕೊಂಡವರು ಸುಮಾರು 4,800.