ಗಡಿಯಲ್ಲಿ ಯಾರೂ ಕೇಳಲಿಲ್ಲ, ಹೋಟೆಲಿನ ಬಾಗಿಲಲ್ಲಿ ಕೇಳಿದರು

ಯುರೋಪಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗೋದು ಬೆಂಗಳೂರಿಂದ ಹೊಸೂರಿಗೆ ಹೋದಷ್ಟೇ ಸಲೀಸು ಅಂತಾರೆ. ಕೋವಿಡ್ ಕಾಲದ 2021ರ ನವೆಂಬರ್‌ನಲ್ಲಿ ಆ ಮಾತು ಅರ್ಧ ನಿಜ, ಅರ್ಧ ಸುಳ್ಳು. ನಾನಾಗ ಮ್ಯೂನಿಕ್‌ನಲ್ಲಿ ತಮ್ಮನ ಮನೆಯಲ್ಲಿದ್ದೆ. ವೆನಿಸ್‌ಗೆ ಹೋಗಿ, ವಿಯೆನ್ನಾ ನೋಡಿಕೊಂಡು ವಾಪಸ್ ಬರೋದು ಅಂತ ಇಬ್ಬರೂ ಮಾತಾಡಿಕೊಂಡೆವು. ಮೂರು ದೇಶ, ಎಲ್ಲವೂ ರೈಲಿನಲ್ಲೇ. ಸೂಟ್‌ಕೇಸ್ ತುಂಬೋದಕ್ಕಿಂತ ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ಹುಡುಕೋದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ತಮ್ಮನಿಗೆ ಚಿಂತೆ ಇರಲಿಲ್ಲ. ಆ ವರ್ಷ ಜುಲೈ 1ರಿಂದ ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸರ್ಟಿಫಿಕೇಟ್ ಬಂದಿತ್ತು. ಲಸಿಕೆ ಹಾಕಿಸಿಕೊಂಡವರು, ಕೋವಿಡ್ ಬಂದು ವಾಸಿಯಾದವರು, ಟೆಸ್ಟ್ ಮಾಡಿಸಿ ನೆಗೆಟಿವ್ ಬಂದವರು, ಎಲ್ಲರಿಗೂ ಒಂದೇ ನಮೂನೆಯ ಕ್ಯೂಆರ್ ಕೋಡ್. ಅದು ಅವನ ಫೋನಿನಲ್ಲೇ ಇತ್ತು. ನನ್ನ ಹತ್ತಿರ ಇದ್ದದ್ದು ಕೋವಿಶೀಲ್ಡ್ ಎರಡು ಡೋಸ್ ಆದ ಕೋವಿನ್ ಸರ್ಟಿಫಿಕೇಟ್. ಅದರಲ್ಲೂ ಕ್ಯೂಆರ್ ಕೋಡ್ ಇತ್ತು, ಆದರೆ ಅಲ್ಲಿನ ಆ್ಯಪ್‌ಗಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಕೋವಿಶೀಲ್ಡ್ ಅಂದರೆ ಅಸ್ಟ್ರಾಜೆನೆಕಾ ಲಸಿಕೆಯೇ, ಆದರೂ ಪುಣೆಯಲ್ಲಿ ತಯಾರಾದದ್ದನ್ನು ಒಕ್ಕೂಟದ ಔಷಧ ಸಂಸ್ಥೆ ತನ್ನ ಪಟ್ಟಿಗೆ ಸೇರಿಸಿರಲಿಲ್ಲ. ಒಪ್ಪೋದು ಬಿಡೋದು ಆಯಾ ದೇಶಕ್ಕೆ ಬಿಟ್ಟಿದ್ದು. ಇಟಲಿ ಸೆಪ್ಟೆಂಬರ್‌ನಲ್ಲಷ್ಟೇ ಒಪ್ಪಿಕೊಂಡಿತ್ತು. "ಅಕ್ಕ, ಕಾಗದದ ಪ್ರಿಂಟ್ ಎರಡು ಇಟ್ಕೋ, ಪಾಸ್‌ಪೋರ್ಟ್ ಕೈಲೇ ಇರಲಿ" ಅಂದ ತಮ್ಮ. ಬುದ್ಧಿವಂತನ ಮಾತು.

ನವೆಂಬರ್ 15, ಸೋಮವಾರ ಹೊರಟೆವು. ಮ್ಯೂನಿಕ್‌ನಿಂದ ಇಟಲಿಗೆ ಹೋಗುವ ರೈಲು ಆಸ್ಟ್ರಿಯಾದ ಇನ್ಸ್‌ಬ್ರುಕ್ ಮೇಲೆ ಹಾದು, ಬ್ರೆನ್ನರ್ ಕಣಿವೆ ದಾಟಿ ಇಳಿಯುತ್ತದೆ. ಆಸ್ಟ್ರಿಯಾದ ರೈಲಿನಲ್ಲಿ ಆಗ ಎಫ್‌ಎಫ್‌ಪಿ2 ಮಾಸ್ಕ್, ಅಂದರೆ ನಮ್ಮ ಎನ್95ರಂಥ ಬಿಗಿ ಮಾಸ್ಕ್ ಬೇಕೇ ಬೇಕಿತ್ತು. ಇಟಲಿಯಲ್ಲಿ ಆಗ ನೀಲಿ ಸರ್ಜಿಕಲ್ ಮಾಸ್ಕ್ ಸಾಕಿತ್ತು. ಬ್ರೆನ್ನರ್ ದಾಟಿದ್ದೇ ತಡ, ನಮ್ಮ ಎದುರು ಕೂತಿದ್ದ ಅಜ್ಜಿ ಬಿಗಿ ಮಾಸ್ಕ್ ಕಿತ್ತು ಮಡಚಿ ಕನ್ನಡಕದ ಡಬ್ಬಿಯೊಳಗಿಟ್ಟು, ನೀಲಿಯದನ್ನು ಹಾಕಿಕೊಂಡರು. ವೈರಸ್‌ಗೂ ವೀಸಾ ಇತ್ತೇನೋ, ಅಲ್ವಾ!

ಇಟಲಿಗೆ ಹೋಗುವವರು ಆಗ ಮೊದಲೇ ಒಂದು ಆನ್‌ಲೈನ್ ಫಾರ್ಮ್ ತುಂಬಬೇಕಿತ್ತು. ಎಲ್ಲಿ ಉಳಿಯುತ್ತೀರಿ, ಫೋನ್ ನಂಬರ್ ಏನು, ತುರ್ತಿಗೆ ಯಾರನ್ನು ಕರೆಯಬೇಕು, ಎಲ್ಲ ಬರೆಯಬೇಕಿತ್ತು. ಹಿಂದಿನ ರಾತ್ರಿ ಹನ್ನೊಂದರವರೆಗೆ ಕೂತು ತುಂಬಿದ್ದೆವು. ಗಡಿಯಲ್ಲಿ ಯಾರಾದರೂ ಅದನ್ನು ಕೇಳಿದರಾ? ಒಬ್ಬರೂ ಇಲ್ಲ. ಟಿಕೆಟ್ ನೋಡಿದವರು ಲಸಿಕೆ ಪತ್ರ ನೋಡಿದರು, ಅಷ್ಟೇ. ವೆರೋನಾದಲ್ಲಿ ರೈಲು ಬದಲಿಸಿ ವೆನಿಸ್ ಸೇರಿದೆವು.

ನಿಜವಾದ ಗಡಿ ಸಿಕ್ಕಿದ್ದು ವೆನಿಸ್‌ನ ಒಂದು ಹೋಟೆಲಿನ ಬಾಗಿಲಲ್ಲಿ. ಆಗಸ್ಟ್ 6ರಿಂದ ಇಟಲಿಯಲ್ಲಿ ಒಳಗೆ ಕೂತು ತಿನ್ನಲು ಗ್ರೀನ್ ಪಾಸ್ ಬೇಕಿತ್ತು, ಅಂದರೆ ಆ ಡಿಜಿಟಲ್ ಸರ್ಟಿಫಿಕೇಟೇ. ವೇಟರ್ ತನ್ನ ಫೋನ್ ತೆಗೆದು ತಮ್ಮನದನ್ನು ಸ್ಕ್ಯಾನ್ ಮಾಡಿದ. ಹಸಿರು ಪರದೆ, ಹೆಸರು, ಹುಟ್ಟಿದ ದಿನ. ಮುಗೀತು. ನನ್ನ ಕಾಗದದ ಮೇಲೆ ಫೋನ್ ಹಿಡಿದ. ಕೆಂಪು. ಮತ್ತೆ ಹಿಡಿದ. ಮತ್ತೆ ಕೆಂಪು. ಪತ್ರ ಕೈಗೆ ತೆಗೆದುಕೊಂಡು ಅದರಲ್ಲಿದ್ದ ಪ್ರಧಾನಿಯವರ ಫೋಟೊ ನೋಡಿದ, ಆಮೇಲೆ ನನ್ನ ಮುಖ ನೋಡಿದ. ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಸ್ಟ್ರಾಜೆನೆಕಾ, ಅಸ್ಟ್ರಾಜೆನೆಕಾ" ಅಂತ ನಾನು ಹೇಳಿದ್ದೇ ಹೇಳಿದ್ದು. ಒಳಗಿನಿಂದ ಬಂದ ಮಾಲೀಕರು ಕಾಗದವನ್ನು ಪೂರ್ತಿ ಓದಿ, ಪಾಸ್‌ಪೋರ್ಟ್ ಜೊತೆ ಹೆಸರು ಹೋಲಿಸಿ, ಕುರ್ಚಿ ತೋರಿಸಿದರು. ಪಾಪ, ಅಡುಗೆ ಮಾಡಿ ಬಡಿಸುವವರ ಕೈಗೆ ಸರ್ಕಾರ ಪೊಲೀಸ್ ಕೆಲಸ ಕೊಟ್ಟಿತ್ತು.

ಮಾರನೇ ದಿನದಿಂದ ಉಪಾಯ ಗೊತ್ತಾಯಿತು. ಕೌಂಟರ್ ಮುಂದೆ ನಿಂತು ಕಾಫಿ ಕುಡಿದರೆ ಆಗ ಪಾಸ್ ಬೇಕಿರಲಿಲ್ಲ. ಹೊರಗಿನ ಮೇಜಿಗೂ ಬೇಕಿರಲಿಲ್ಲ. ನಿಂತು ಕುಡಿದರೆ ದುಡ್ಡೂ ಕಮ್ಮಿ. ನಮ್ಮ ದರ್ಶಿನಿಗಳಲ್ಲಿ ನಿಂತು ಅಭ್ಯಾಸ ಇರುವ ನನಗೆ ಇದೇನು ಕಷ್ಟ? ವೆನಿಸ್ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಹೇಳೋದು ಒಂದೇ: ಸೇಂಟ್ ಮಾರ್ಕ್ಸ್ ಚೌಕದಲ್ಲಿ ಅಷ್ಟು ಖಾಲಿ ಜಾಗ ಇನ್ನು ಸಿಗೋದು ಅನುಮಾನ.

ಅಲ್ಲಿರುವಾಗಲೇ ಮ್ಯೂನಿಕ್‌ನ ಕ್ರಿಸ್ಮಸ್ ಸಂತೆ ರದ್ದು ಅಂತ ಸುದ್ದಿ ಬಂತು. "ವಿಯೆನ್ನಾದಲ್ಲಿ ನೋಡಿದರಾಯ್ತು" ಅಂದುಕೊಂಡು 18ರಂದು ರೈಲು ಹತ್ತಿದೆವು. ಆಸ್ಟ್ರಿಯಾದಲ್ಲಿ ನವೆಂಬರ್ 8ರಿಂದ 2ಜಿ ನಿಯಮ ಬಂದಿತ್ತು. ಮೊಬೈಲ್‌ನದಲ್ಲ, ಲಸಿಕೆ ಆಗಿರಬೇಕಿತ್ತು ಇಲ್ಲವೇ ಕಾಯಿಲೆ ಬಂದು ವಾಸಿಯಾಗಿರಬೇಕಿತ್ತು, ಬರೀ ಟೆಸ್ಟ್ ತೋರಿಸಿದರೆ ಕೆಫೆಯೊಳಗೆ ಬಿಡುತ್ತಿರಲಿಲ್ಲ. ಇಲ್ಲಿ ನನ್ನ ಇಂಗ್ಲಿಷ್ ಕಾಗದವನ್ನು ಎಲ್ಲರೂ ತಕರಾರಿಲ್ಲದೆ ಒಪ್ಪಿದರು. ನನಗೆ ಹಿಡಿಸಿದ್ದು ಅಲ್ಲಿನ ಬಾಯಿ ಮುಕ್ಕಳಿಸುವ ಟೆಸ್ಟ್. ಜನ ಅಂಗಡಿಯಿಂದ ಪುಕ್ಕಟೆ ಕಿಟ್ ತಂದು, ಮನೆಯಲ್ಲೇ ಮುಕ್ಕಳಿಸಿ, ಸೂಪರ್ ಮಾರ್ಕೆಟ್‌ನಲ್ಲಿಟ್ಟ ಡಬ್ಬಕ್ಕೆ ಹಾಕಿ ಹೋಗುತ್ತಿದ್ದರು. ಪಿಸಿಆರ್ ಫಲಿತಾಂಶ ಫೋನಿಗೇ. ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

19ರ ಶುಕ್ರವಾರ ಆಸ್ಟ್ರಿಯಾದ ಆಗಿನ ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಶಾಲೆನ್‌ಬೆರ್ಗ್ ಘೋಷಿಸಿದರು: ಸೋಮವಾರದಿಂದ ಇಡೀ ದೇಶ ಲಾಕ್‌ಡೌನ್, ಫೆಬ್ರವರಿಯಿಂದ ಲಸಿಕೆ ಕಡ್ಡಾಯ. ಇದನ್ನು ವಿರೋಧಿಸಿ ಶನಿವಾರ ವಿಯೆನ್ನಾದಲ್ಲಿ ಸುಮಾರು 40,000 ಜನ ಬೀದಿಗಿಳಿದರು. ಡೋಲು, ಸೀಟಿ, ಧ್ವಜ. ಮಾಸ್ಕ್ ಇಲ್ಲದ ಮುಖಗಳೇ ಹೆಚ್ಚು. ನಾವು ಅಡ್ಡ ರಸ್ತೆ ಹಿಡಿದು ಜಾಗ ಖಾಲಿ ಮಾಡಿದೆವು. ಸಂಜೆ ಕ್ರಿಸ್ಮಸ್ ಸಂತೆಗೆ ಹೋದರೆ ಅಲ್ಲಿ ಇನ್ನೊಂದು ಜಾತ್ರೆ. ಮುಚ್ಚುವ ಮುಂಚೆ ಒಂದು ಲೋಟ ಬಿಸಿ ಪಂಚ್ ಕುಡಿದುಬಿಡೋಣ ಅಂತ ಊರಿಗೆ ಊರೇ ಬಂದ ಹಾಗಿತ್ತು. ಸೋಂಕು ತಡೆಯಲು ಮುಚ್ಚುತ್ತಾರೆ, ಮುಚ್ಚುತ್ತಾರೆಂದು ಎಲ್ಲರೂ ಒಂದೇ ಕಡೆ ನುಗ್ಗುತ್ತಾರೆ.

ವಾಪಸ್ ಹೋಗುವಾಗ ಮತ್ತೊಂದು ಫಾರ್ಮ್. 14ರಿಂದ ಜರ್ಮನಿ ಆಸ್ಟ್ರಿಯಾವನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತ್ತು. ಆನ್‌ಲೈನ್‌ನಲ್ಲಿ ನೋಂದಾಯಿಸಿ ಲಸಿಕೆ ಪತ್ರ ಏರಿಸಿದರೆ ಕ್ವಾರಂಟೈನ್ ಇರಲಿಲ್ಲ. ಭಾನುವಾರ ಸಾಲ್ಜ್‌ಬರ್ಗ್ ದಾಟಿದ ಮೇಲೆ ಜರ್ಮನ್ ಪೊಲೀಸರು ರೈಲು ಹತ್ತಿದರು. ನಾನು ಕಾಗದಗಳ ಕಟ್ಟನ್ನೇ ಚಾಚಿದೆ. ಅವರಿಗೆ ಬೇಕಿದ್ದದ್ದು ಪಾಸ್‌ಪೋರ್ಟ್ ಮಾತ್ರ.

ಡಿಸೆಂಬರ್ ಮೊದಲ ವಾರ ಬೆಂಗಳೂರಿಗೆ ಬರುವಷ್ಟರಲ್ಲಿ ಓಮಿಕ್ರಾನ್ ಬಂದಾಗಿತ್ತು. ಭಾರತದ ಮೊದಲ ಎರಡು ಪ್ರಕರಣ ಸಿಕ್ಕಿದ್ದೂ ನಮ್ಮ ಊರಲ್ಲೇ. ಯುರೋಪಿನಿಂದ ಬಂದವರಿಗೆಲ್ಲ ವಿಮಾನ ನಿಲ್ದಾಣದಲ್ಲೇ ಟೆಸ್ಟ್, ಆಮೇಲೆ ಏಳು ದಿನ ಮನೆಯಲ್ಲೇ. ಇಲ್ಲಿ ನನ್ನ ಕೋವಿನ್ ಪತ್ರ ಎಲ್ಲರಿಗೂ ಓದಲು ಬರುತ್ತಿತ್ತು, ಆದರೂ ಕಡ್ಡಿ ತಪ್ಪಲಿಲ್ಲ. ಬೇಗ ಬರುವ ರಿಪೋರ್ಟ್‌ಗೆ ದುಡ್ಡು ಜಾಸ್ತಿ. ಜಾಸ್ತಿಯದನ್ನೇ ಕೊಟ್ಟೆ.