ಹಳೆ ಲೆನ್ಸ್, ಹೊಸ ಬಾಡಿ: ಗಾಜಿಗಿಂತ ಮೊದಲು ಅಡಾಪ್ಟರ್

ಹೋಲಿಕೆಗೆ ಇಟ್ಟುಕೊಂಡಿರುವುದು ಎರಡು ಬಾಡಿ, ಮೂರು ಲೆನ್ಸ್. ಬಾಡಿಗಳು ಸೋನಿ ಎ7 ಮಾರ್ಕ್ 3 (ಫುಲ್ ಫ್ರೇಮ್) ಮತ್ತು ಸೋನಿ ಎ6400 (ಎಪಿಎಸ್-ಸಿ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರ್). ಎರಡೂ 24 ಮೆಗಾಪಿಕ್ಸೆಲ್, ಎರಡಕ್ಕೂ ಇ-ಮೌಂಟ್ (ಮೌಂಟ್ ಎಂದರೆ ಲೆನ್ಸ್ ಕೂರುವ ಬಾಯಿ). ಲೆನ್ಸ್‌ಗಳಲ್ಲಿ ಹಳೆಯವು ಎರಡು: ಸೋವಿಯತ್ ಕಾಲದ ಹೆಲಿಯೊಸ್ 44-2, 58 ಮಿ.ಮೀ. ಎಫ್/2, ಜಪಾನಿನ ಸೂಪರ್ ಟಕುಮರ್ 50 ಮಿ.ಮೀ. ಎಫ್/1.4, ಏಳು ಗಾಜಿನ ಆವೃತ್ತಿ. ಅಳತೆಗೋಲಾಗಿ ಈ ಕಾಲದ ಸೋನಿ ಎಫ್ಇ 50 ಮಿ.ಮೀ. ಎಫ್/1.8. ಮೂರಕ್ಕೂ ಫಿಲ್ಟರ್ ಥ್ರೆಡ್ 49 ಮಿ.ಮೀ. ಆಗಿರುವುದು ದೊಡ್ಡ ಅನುಕೂಲ. ಒಂದೇ ಹುಡ್ ಮೂರಕ್ಕೂ ಕೂರುತ್ತದೆ. ಒಂದಕ್ಕೆ ನೆರಳು ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ ಎಂಬ ತಕರಾರು ಉಳಿಯುವುದಿಲ್ಲ.

ಈವರೆಗಿನ ಕೆಲಸದಲ್ಲಿ ಖಚಿತವಾದದ್ದು ಇದು: ಹಳೆ ಲೆನ್ಸಿನ ತಲೆಗೆ ಕಟ್ಟುವ ದೋಷಗಳಲ್ಲಿ ಬಹಳಷ್ಟು ಅಡಾಪ್ಟರಿನವು (ಹಳೆ ಲೆನ್ಸನ್ನು ಹೊಸ ಮೌಂಟಿಗೆ ಕೂರಿಸುವ ಉಂಗುರ), ಇಲ್ಲವೇ ಫೋಕಸ್ ಮಾಡಿದ ರೀತಿಯವು. ಅವನ್ನು ಕಳೆದ ಮೇಲೆ ಉಳಿಯುವುದಷ್ಟೇ ಗಾಜಿನ ಗುಣ. ಆದ್ದರಿಂದ ಚಿತ್ರ ತೆಗೆಯುವ ಮೊದಲು ಅಳತೆ.

ಅಡಾಪ್ಟರಿನ ದಪ್ಪ

ಹಳೆಯ ಎರಡೂ ಲೆನ್ಸ್‌ಗಳದ್ದು ಎಂ42 ಮೌಂಟ್. ಎಂ42 ಎಂದರೆ 42 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್‌ನ ಥ್ರೆಡ್. ಅದರ ಮೌಂಟಿನಿಂದ ಫಿಲ್ಮಿಗಿರುವ ದೂರ 45.46 ಮಿ.ಮೀ. ಸೋನಿ ಇ-ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಕಳೆದರೆ ಅಡಾಪ್ಟರ್ 27.46 ಮಿ.ಮೀ. ದಪ್ಪ ಇರಬೇಕು. ನಿಕಾನ್ ಎಫ್ ಡಿಎಸ್‌ಎಲ್‌ಆರ್‌ಗಳಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ಮೌಂಟಿನ ದೂರವೇ 46.5 ಮಿ.ಮೀ.; ಎಂ42 ಲೆನ್ಸ್ ಬರಬೇಕಾದಷ್ಟು ಹತ್ತಿರ ಬರಲಾರದು, ಇನ್ಫಿನಿಟಿ (ಅತಿ ದೂರದ ಫೋಕಸ್) ಸಿಗದು. ಅದಕ್ಕೆಂದೇ ಒಳಗೆ ಗಾಜಿರುವ ಅಡಾಪ್ಟರ್ ಮಾರುತ್ತಾರೆ. ಆ ಗಾಜು ಸೇರಿದ ಮೇಲೆ ಪರೀಕ್ಷೆಯಾಗುವುದು ನಿಮ್ಮ ಹಳೆ ಲೆನ್ಸ್ ಒಂದೇ ಅಲ್ಲ. ಈ ಸೋನಿಗಳಂಥ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಈ ತೊಂದರೆ ಇಲ್ಲ.

ಅಡಾಪ್ಟರನ್ನು ಸುತ್ತ ನಾಲ್ಕು ಕಡೆ ಅಳೆಯಬೇಕು. ಡಿಜಿಟಲ್ ವರ್ನಿಯರ್ ಆದರೂ ನಡೆಯುತ್ತದೆ. 25ರಿಂದ 50 ಮಿ.ಮೀ. ಅಳೆಯುವ ಮೈಕ್ರೋಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ನೋಡಬೇಕಾದ್ದು ಎರಡು. ಒಟ್ಟು ದಪ್ಪ ಸರಿಯಿದೆಯೇ? ನಾಲ್ಕೂ ಕಡೆ ಒಂದೇ ಇದೆಯೇ?

ದಪ್ಪ 0.1 ಮಿ.ಮೀ. ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೇ ಕಾಣಬಹುದು. ಫೋಕಲ್ ಲೆಂತ್‌ನ ವರ್ಗವನ್ನು ಆ ಹೆಚ್ಚುವರಿಯಿಂದ ಭಾಗಿಸಿ: 58 × 58 ÷ 0.1 ಅಂದರೆ 33,640 ಮಿ.ಮೀ. ಹೆಲಿಯೊಸ್ ಸುಮಾರು 34 ಮೀಟರಿಗಿಂತ ಆಚೆ ಫೋಕಸ್ ಆಗುವುದೇ ಇಲ್ಲ. ದೂರದ ಗುಡ್ಡ ಎಷ್ಟು ತಿರುಗಿಸಿದರೂ ಮಂದವಾಗಿಯೇ ಇದ್ದರೆ ಲೆನ್ಸನ್ನು ಬೈಯುವ ಮೊದಲು ಇದನ್ನು ನೋಡಿ. ತಯಾರಕರು ಬೇಕೆಂದೇ ಅಡಾಪ್ಟರನ್ನು ಒಂದು ಕೂದಲೆಳೆ ತೆಳುವಾಗಿ ಮಾಡುವುದೂ ಇದಕ್ಕೇ. ತೆಳುವಾದರೆ ಇನ್ಫಿನಿಟಿ ಗುರುತು ಮುಟ್ಟುವ ಮೊದಲೇ ಇನ್ಫಿನಿಟಿ ಬರುತ್ತದೆ. ದೂರದ ಅಂಕಿಗಳು ತಪ್ಪು ಹೇಳುತ್ತವೆಯೇ ಹೊರತು ಚಿತ್ರಕ್ಕೆ ನಷ್ಟವಿಲ್ಲ. ಗುರುತು ಸರಿಹೊಂದಲೇಬೇಕು ಎನ್ನುವವರು ಸ್ಕ್ರೂ ಬಿಚ್ಚಿ, ಅಡಾಪ್ಟರಿನ ಎರಡು ಭಾಗಗಳ ನಡುವೆ ಉಂಗುರದಂತೆ ಕತ್ತರಿಸಿದ ಶಿಮ್ (ದಪ್ಪ ಹೆಚ್ಚಿಸುವ ತೆಳು ಹಾಳೆ) ಹಾಕಬಹುದು. ಸಾಮಾನ್ಯ 80 ಜಿಎಸ್‌ಎಂ ಪ್ರಿಂಟಿಂಗ್ ಕಾಗದ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಪರೀಕ್ಷೆಗೆ ಅದು ಸಾಕು, ಕಾಯಂ ಆಗಿ ಹಾಕುವುದಾದರೆ ಹಿತ್ತಾಳೆ ಶಿಮ್ ಹಾಕಿ. ಕಾಗದ ತೇವ ಹೀರಿ ಉಬ್ಬುತ್ತದೆ.

ನಿಜವಾದ ಕಾಟ ಓರೆಯದು. 50 ಮಿ.ಮೀ. ಅಗಲದ ಮುಖದಲ್ಲಿ ಒಂದು ಬದಿ 0.05 ಮಿ.ಮೀ. ಹೆಚ್ಚಿದೆ ಎನ್ನಿ. 36 ಮಿ.ಮೀ. ಅಗಲದ ಸೆನ್ಸರಿನಲ್ಲಿ ಅದು ನಡುವಿನಿಂದ ಎರಡೂ ಅಂಚಿಗೆ ತಲಾ 18 ಮೈಕ್ರಾನ್ ತಪ್ಪಾಗುತ್ತದೆ. ಎ7 ಮಾರ್ಕ್ 3ರ ಪಿಕ್ಸೆಲ್ ಸುಮಾರು 6 ಮೈಕ್ರಾನ್. ಪಿಕ್ಸೆಲ್ ಮಟ್ಟದ ಸ್ಪಷ್ಟತೆ ಬೇಕೆಂದರೆ ಎಫ್/2ರಲ್ಲಿ ಹಿಂದೆ ಮುಂದೆ 12 ಮೈಕ್ರಾನ್ ಮಾತ್ರ ಸಡಿಲ ಇರುತ್ತದೆ. ಅಲ್ಲಿಗೆ ಎಡ ಅಂಚೂ ಮಂದ, ಬಲ ಅಂಚೂ ಮಂದ. ಒಂದು ಹತ್ತಿರಕ್ಕೆ ಫೋಕಸ್ ಆಗಿರುತ್ತದೆ, ಇನ್ನೊಂದು ದೂರಕ್ಕೆ. ಎಫ್/8ರಲ್ಲಿ ಸಡಿಲ 48 ಮೈಕ್ರಾನ್ ಆಗುವುದರಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. "ಪೂರ್ತಿ ತೆರೆದಾಗ ಅಂಚು ಕೆಟ್ಟದು, ಮುಚ್ಚಿದರೆ ಸರಿ" ಎಂಬ ತೀರ್ಪುಗಳಲ್ಲಿ ಓರೆ ಅಡಾಪ್ಟರಿನ ಪಾಲು ಎಷ್ಟೋ ಇದೆ.

ಓರೆ ಅಡಾಪ್ಟರಿನದೋ ಲೆನ್ಸಿನದೋ ತಿಳಿಯಲು ಲೆನ್ಸನ್ನು ಅಡಾಪ್ಟರಿನೊಳಗೆ ಅರ್ಧ ಸುತ್ತು ತಿರುಗಿಸಿದ ಸ್ಥಿತಿಯಲ್ಲಿ ಕೂರಿಸಬೇಕು. ಒಳ ಉಂಗುರವನ್ನು ಮೂರು ಸಣ್ಣ ಗ್ರಬ್ ಸ್ಕ್ರೂಗಳು ಹಿಡಿದಿರುವ ಅಡಾಪ್ಟರಾದರೆ ಅವನ್ನು ಸಡಿಲಿಸಿ ತಿರುಗಿಸಿದರಾಯಿತು. ಮಂದವಾದ ಬದಿ ಲೆನ್ಸಿನ ಜತೆ ಸುತ್ತಿದರೆ ಲೆನ್ಸ್ ಡಿಸೆಂಟರ್ ಆಗಿದೆ, ಅಂದರೆ ಒಳಗಿನ ಗಾಜು ನಡುವಿನಿಂದ ಸರಿದಿದೆ. ಅಲ್ಲೇ ಉಳಿದರೆ ಅಡಾಪ್ಟರ್ ಬದಲಿಸಿ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದಿಲ್ಲ: ಒಳಗೋಡೆಯ ಹೊಳಪು. ಅಡಾಪ್ಟರ್ ಹಾಕಿದ ಲೆನ್ಸನ್ನು ಹಿಂದಿನಿಂದ ನೋಡುತ್ತ ಮುಂದೆ ಓರೆಯಾಗಿ ಮೊಬೈಲ್ ಟಾರ್ಚ್ ಹಿಡಿಯಿರಿ. ಒಳಗೋಡೆ ಬೆಳ್ಳಿಯಂತೆ ಮಿನುಗಿದರೆ ಆ ಬೆಳಕೆಲ್ಲ ಚಿತ್ರದ ಮೇಲೆ ಮಬ್ಬಾಗಿ ಕೂರುತ್ತದೆ. ಹಿಂಬದಿಗೆ ಅಂಟು ಬಳಿದಿರುವ, ಕಪ್ಪು ವೆಲ್ವೆಟ್‌ನಂಥ ಫ್ಲಾಕಿಂಗ್ ಕಾಗದವನ್ನು ಪಟ್ಟಿ ಕತ್ತರಿಸಿ ಒಳಗೆ ಅಂಟಿಸುವುದೇ ಮದ್ದು. ಥ್ರೆಡ್‌ಗೂ ಅಪರ್ಚರ್ ಪಿನ್ನಿಗೂ ತಾಗಬಾರದು, ಎಳೆ ಉದುರುವಂಥದ್ದಾಗಿರಬಾರದು. ಎ6400ರಲ್ಲಿ ಇದು ಇನ್ನೂ ಮುಖ್ಯ. ಫುಲ್ ಫ್ರೇಮಿಗೆಂದು ಮಾಡಿದ ಲೆನ್ಸ್ ಚಿಕ್ಕ ಸೆನ್ಸರಿನ ಹೊರಗೂ ಬೆಳಕು ಚೆಲ್ಲುತ್ತದೆ, ಅದು ಗೋಡೆಗೆ ಬಡಿದು ಮರಳುತ್ತದೆ. ಹೆಲಿಯೊಸ್‌ನ ಹೆಸರಿಗೆ ಅಂಟಿರುವ "ಕಾಂಟ್ರಾಸ್ಟ್ ಇಲ್ಲ" ಎಂಬ ದೂರಿನಲ್ಲಿ ಒಂದು ಭಾಗ ಈ ಪಟ್ಟಿ ಅಂಟಿಸಿದ ಮೇಲೆ ಹೋಗುತ್ತದೆ.

ಟಕುಮರ್‌ನ ಹಳದಿ

ಏಳು ಗಾಜಿನ ಟಕುಮರ್‌ನಲ್ಲಿ ಹಿಂಬದಿಯ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸಿದ್ದಾರೆ. ವಕ್ರೀಭವನ ಹೆಚ್ಚು, ಬಣ್ಣ ಚದುರುವಿಕೆ ಕಡಿಮೆ ಎಂಬ ಕಾರಣಕ್ಕೆ. ಅದರ ವಿಕಿರಣವೇ ದಶಕಗಳಲ್ಲಿ ಗಾಜನ್ನು ಚಹಾದ ಬಣ್ಣಕ್ಕೆ ತಿರುಗಿಸುತ್ತದೆ. ಹಾಗೇ ಹೋಲಿಸಿದರೆ ಬೆಳಕೂ ಕಡಿಮೆ, ನೀಲಿ ಚಾನೆಲ್ ತೀರ ಬಡವ. ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಬಣ್ಣವೇನೋ ಸರಿಯಾಗುತ್ತದೆ, ಆದರೆ ಎಳೆದು ಹಿಗ್ಗಿಸಿದ ನೀಲಿಯಲ್ಲಿ ನಾಯ್ಸ್ ಏಳುತ್ತದೆ.

ಅಲ್ಟ್ರಾವಯಲೆಟ್ ಬೆಳಕು ಈ ಹಳದಿಯನ್ನು ಕಳೆಯುತ್ತದೆ. 365ರಿಂದ 395 ನ್ಯಾನೋಮೀಟರಿನ ಎಲ್‌ಇಡಿಯನ್ನು ಹಿಂಬದಿ ಗಾಜಿನ ಎದುರಿಗಿಟ್ಟು ಸುತ್ತ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುಚ್ಚಬೇಕು. ಹಳದಿಯ ಗಾಢತೆ ನೋಡಿ ಕೆಲವು ದಿನಗಳಿಂದ ವಾರಗಳವರೆಗೆ ಹಿಡಿಯುತ್ತದೆ. ಬಿಸಿಲಿಗೂ ಇಡುತ್ತಾರೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಡ. ಗ್ರೀಸ್ ಕರಗಿ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಅಷ್ಟೇ ಅಲ್ಲ, ಎಫ್/1.4 ಲೆನ್ಸ್ ಎಂದರೆ ಭೂತಗನ್ನಡಿಯೇ: ಮುಚ್ಚಳ ಹಾಕದೆ ಕಿಟಕಿಯಲ್ಲಿಟ್ಟರೆ ಬೆಂಕಿ ಹತ್ತಬಹುದು. ಎಲ್‌ಇಡಿಯನ್ನು ನೇರವಾಗಿ ನೋಡಬೇಡಿ. ಗಾಜನ್ನು ಉಜ್ಜುವ, ಪಾಲಿಶ್ ಮಾಡುವ ಕೆಲಸವಂತೂ ಬೇಡವೇ ಬೇಡ. ಅದರ ಪುಡಿ ಮೂಗಿಗೆ ಹೋಗಬಾರದು.

ಪ್ರಗತಿ ಅಳೆಯುವ ಕ್ರಮ: ಬಿಳಿ ಕಾಗದ, ಒಂದೇ ದೀಪ, ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಕಟ್ಟಿಹಾಕಿ ರಾ ಫೈಲ್ (ಕ್ಯಾಮೆರಾ ಜೆಪೆಗ್ ಮಾಡದೆ ಉಳಿಸುವ ಮೂಲ ಫೈಲ್). ಪ್ರತಿ ಸಲವೂ ನೀಲಿ ಮತ್ತು ಹಸಿರು ಚಾನೆಲ್‌ಗಳ ಅಂತರ ಬರೆದಿಡಿ. ಅಂತರ ಬದಲಾಗುವುದು ನಿಂತಾಗ ದೀಪ ಆರಿಸಬಹುದು. ಕತ್ತಲಲ್ಲಿ ವರ್ಷಗಟ್ಟಲೆ ಇಟ್ಟರೆ ಹಳದಿ ಮತ್ತೆ ಮೆಲ್ಲನೆ ಬರುತ್ತದೆ.

ಗೋಡೆ, ಟ್ರೈಪಾಡ್, ಕನ್ನಡಿ

ಗುರಿಗೆ ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಹಾಳೆಗಿಂತ ಒಳ್ಳೆಯದು ಬೇಕಿಲ್ಲ. 50 ಮಿ.ಮೀ. ಲೆನ್ಸ್ 2.5 ಮೀಟರಿನಿಂದ ಫುಲ್ ಫ್ರೇಮಿನಲ್ಲಿ ಸುಮಾರು 1.8 ಮೀಟರ್ ಅಗಲ, 1.2 ಮೀಟರ್ ಎತ್ತರ ನೋಡುತ್ತದೆ. ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು, ಐದು ಹಾಳೆ ಸಾಕು. ಹೆಲಿಯೊಸ್‌ಗೆ 2.9 ಮೀಟರಿಗೆ ಸರಿದು ಅದೇ ಚೌಕಟ್ಟು ಹಿಡಿಯಬೇಕು. ಎ6400ಗೆ ಮತ್ತೂ ಹಿಂದಕ್ಕೆ, ಒಂದೂವರೆ ಪಟ್ಟು ದೂರಕ್ಕೆ.

ಗೋಡೆಗೆ ಕ್ಯಾಮೆರಾ ನೇರವಾಗಿದೆಯೇ ಎಂದು ತಿಳಿಯಲು ಗೋಡೆಯ ನಡುವೆ ಚಪ್ಪಟೆಯಾಗಿ ಸಣ್ಣ ಕನ್ನಡಿ ಅಂಟಿಸಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬ ಕಂಡರೆ ನೇರ. ಸ್ಪಿರಿಟ್ ಲೆವೆಲ್‌ಗಿಂತ ಇದನ್ನು ನಂಬಬಹುದು, ಏಕೆಂದರೆ ಗೋಡೆಗಳೇ ನೆಟ್ಟಗಿರುವುದಿಲ್ಲ.

ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡಬೇಕು. ಇಲ್ಲದಿದ್ದರೆ ಕ್ಯಾಮೆರಾ ಕ್ಲಿಕ್ ಆಗದು. ಐಎಸ್‌ಒ 100, ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್, 2 ಸೆಕೆಂಡ್ ಟೈಮರ್, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್. ಜೆಪೆಗ್ ಬೇಡ. ಎಫ್ಇ ಲೆನ್ಸಿಗೆ ಕ್ಯಾಮೆರಾ ತಾನೇ ಅಂಚಿನ ಕತ್ತಲು, ಬಣ್ಣದ ಅಂಚು, ಬಾಗುಗಳನ್ನು ತಿದ್ದಿಕೊಡುತ್ತದೆ, ಹಳೆಯವಕ್ಕೆ ಆ ಉಪಕಾರ ಇಲ್ಲ. ರಾ ಫೈಲನ್ನು ಡಾರ್ಕ್‌ಟೇಬಲ್ ಅಥವಾ ರಾಥೆರಪಿ ತಂತ್ರಾಂಶದಲ್ಲಿ ತೆರೆದು ಲೆನ್ಸ್ ತಿದ್ದುಪಡಿಗಳನ್ನೆಲ್ಲ ತೆಗೆದು ನೋಡುವುದೇ ನ್ಯಾಯ.

ಫೋಕಸ್ ವಿಷಯದಲ್ಲಿ ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಹಚ್ಚಿ ತೋರಿಸುವುದು) ನಂಬಬೇಡಿ. ಎಫ್/1.4ರಲ್ಲಿ ಬಣ್ಣದ ಗೆರೆ ಹೊಳೆಯುವ ಪಟ್ಟಿ ನಿಜವಾದ ಫೋಕಸ್‌ಗಿಂತ ಅಗಲ. ಮ್ಯಾಗ್ನಿಫೈ ಮಾಡಿಯೇ ನೋಡಿ. ಎಫ್/4ರವರೆಗೆ ಪ್ರತಿ ಅಪರ್ಚರಿಗೂ ಹೊಸದಾಗಿ ಫೋಕಸ್ ಮಾಡಿ. ಗೋಳೀಯ ದೋಷ ಇರುವ ಲೆನ್ಸಿನಲ್ಲಿ ಅಪರ್ಚರ್ ಮುಚ್ಚುತ್ತ ಹೋದಂತೆ ಫೋಕಸ್ ಬಿಂದು ಜರುಗುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡಿ ಎಫ್/2.8ಕ್ಕೆ ಮುಚ್ಚಿದರೆ ಟಕುಮರ್ ಸುಮ್ಮನೆ ಕೆಟ್ಟ ಹೆಸರು ಹೊರುತ್ತದೆ. ಮೂಲೆ ಮಂದವಾಗಿದ್ದರೆ ಮೂಲೆಗೇ ಫೋಕಸ್ ಮಾಡಿ ಇನ್ನೊಂದು ತೆಗೆಯಿರಿ. ಆಗ ಸರಿಯಾದರೆ ಅದು ಫೋಕಸ್ ತಲದ ಬಾಗು, ಗಾಜಿನ ದೌರ್ಬಲ್ಯವಲ್ಲ.

ಕಂಡದ್ದು

ಎಫ್/5.6ರಿಂದ ಎಫ್/8ರವರೆಗೆ ಚಿತ್ರದ ನಡುಭಾಗದಲ್ಲಿ ಮೂರನ್ನೂ ಬೇರ್ಪಡಿಸುವುದು ಕಷ್ಟ. ಲ್ಯಾಂಡ್‌ಸ್ಕೇಪಿಗೆಂದು ಹಳೆಯದನ್ನು ಬಿಟ್ಟು ಹೊಸದು ಕೊಳ್ಳಬೇಕೆಂಬ ಒತ್ತಾಯ ಈ ಫೋಕಲ್ ಲೆಂತ್‌ನಲ್ಲಿ ಇಲ್ಲ. ಪೂರ್ತಿ ತೆರೆದಾಗ ಎಫ್ಇ ನಡುವೆ ಎಲ್ಲಕ್ಕಿಂತ ಚೊಕ್ಕ. ಟಕುಮರ್ ಎಫ್/1.4ರಲ್ಲಿ ಬೆಳಕಿನ ಅಂಚುಗಳಿಗೆ ಮಂಜು ಕವಿದಂತೆ ಕಾಣಿಸಿ, ಎಫ್/2.8ಕ್ಕೆ ಬಂದಾಗ ತಿಳಿಯಾಗುತ್ತದೆ. ಆ ಮಂಜನ್ನು ದೋಷವೆಂದು ಬರೆಯಲು ಮನಸ್ಸಿಲ್ಲ; ಮುಖದ ಚಿತ್ರಕ್ಕೆ ಅದು ಬೇಕೆಂದೇ ಬಳಸುವ ಗುಣ.

ಹೆಲಿಯೊಸ್‌ನ ಸುತ್ತುವ ಹಿನ್ನೆಲೆಗೆ ಬೇಕಾದ್ದು ದೂರಗಳ ಲೆಕ್ಕ. ಎಫ್/2, ವ್ಯಕ್ತಿ ಒಂದೂವರೆಯಿಂದ ಎರಡು ಮೀಟರಿನಲ್ಲಿ, ಅವರ ಹಿಂದೆ ಐದಾರು ಮೀಟರ್ ಬಿಟ್ಟು ಎಲೆಗಳ ಸಂದಿನಿಂದ ಬೆಳಕು ಇಣುಕುವ ಮರ. ಅಡಿಕೆ ತೋಟಕ್ಕಿಂತ ಹುಣಸೆಯಂಥ ಸಣ್ಣೆಲೆಯ ಮರ ಚೆನ್ನ. ಅಂಚಿನಲ್ಲಿ ಬೆಳಕಿನ ಚುಕ್ಕೆಗಳು ಬೆಕ್ಕಿನ ಕಣ್ಣಿನಂತೆ ಕತ್ತರಿಸಿಹೋಗುವುದರಿಂದ ಈ ಸುತ್ತು ಹುಟ್ಟುತ್ತದೆ. ಹಾಗಾಗಿ ಎ6400ರಲ್ಲಿ ಆ ಅಂಚೇ ಕತ್ತರಿಸಿಹೋಗಿ ಸುತ್ತಿನ ಬಹುಪಾಲು ಮಾಯ. ಸುತ್ತು ಬೇಕೆಂದೇ ಹೆಲಿಯೊಸ್ ಹುಡುಕುವವರಿಗೆ ಎಪಿಎಸ್-ಸಿ ಬಾಡಿ ಸರಿಯಲ್ಲ ಎಂದು ನೇರವಾಗಿಯೇ ಹೇಳಬೇಕು.

ಬಾಡಿಗಳ ಹೋಲಿಕೆಯಲ್ಲಿ 100% ಹಿಗ್ಗಿಸಿ ನೋಡಿದರೆ ಎ6400 ಮಂದ ಎನಿಸುತ್ತದೆ. ಅದರ ಪಿಕ್ಸೆಲ್ 3.9 ಮೈಕ್ರಾನ್, ಅದೇ ಲೆನ್ಸಿನಿಂದ ಒಂದೂವರೆ ಪಟ್ಟು ಸೂಕ್ಷ್ಮ ವಿವರ ಕೇಳುತ್ತಿದೆ. ಅಂಚಿನ ದೋಷ ಮಾತ್ರ ಅದಕ್ಕೆ ತಟ್ಟುವುದಿಲ್ಲ. ಕೈಯಲ್ಲಿ ಹಿಡಿದು ತೆಗೆಯುವಾಗ ವ್ಯತ್ಯಾಸ ದೊಡ್ಡದು: ಎ7 ಮಾರ್ಕ್ 3ಕ್ಕೆ ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇದೆ, ಎ6400ಕ್ಕಿಲ್ಲ. ಹೆಲಿಯೊಸ್ ಅಲ್ಲಿ 87 ಮಿ.ಮೀ.ಗೆ ಸಮ, ಶಟರ್ 1/160ಕ್ಕಿಂತ ಕೆಳಗೆ ಇಳಿಸಬೇಡಿ. ಎ7ರಲ್ಲಿ ಫೋಕಲ್ ಲೆಂತನ್ನು ಕೈಯಾರೆ ತುಂಬಬೇಕು. 58 ಸಿಗದಿದ್ದರೆ ಅದಕ್ಕೆ ಹತ್ತಿರದ್ದು. ಹಿಂದಿನ ಲೆನ್ಸಿನ ಅಂಕಿ ಹಾಗೇ ಉಳಿದಿದ್ದರೆ ತಿದ್ದುಪಡಿ ತಪ್ಪಿ ಚಿತ್ರ ಅಲುಗುತ್ತದೆ.

ಮಳೆಗಾಲಕ್ಕೆ ಮುನ್ನ

ಕೊಡಗು, ಮಲೆನಾಡು, ಕರಾವಳಿಯಲ್ಲಿ ಹಳೆ ಲೆನ್ಸಿನ ಶತ್ರು ಫಂಗಸ್. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಕವಲೊಡೆದ ಎಳೆ ಕಂಡರೆ ಫಂಗಸ್. ಒಂದೇ ಸಮನೆ ಹಾಲಿನಂತಿದ್ದರೆ ಎಣ್ಣೆಯ ಆವಿಯ ಮಬ್ಬು. ಅಂಚಿನಲ್ಲಿ ಕಾಮನಬಿಲ್ಲಿನ ಕಲೆ ಇದ್ದರೆ ಅಂಟಿಸಿದ ಗಾಜುಗಳು ಬಿಡುತ್ತಿವೆ, ಅದನ್ನು ಕೊಳ್ಳಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಸಣ್ಣ ಹೈಗ್ರೋಮೀಟರ್, ಇಷ್ಟಿದ್ದರೆ ಸಾಕು. ಅಂಕಿ 40ರಿಂದ 50%ರ ನಡುವೆ ಇರಲಿ. ಚರ್ಮದ ಹಳೆ ಕೇಸು ಎಷ್ಟೇ ಚೆಂದವಿದ್ದರೂ ಡಬ್ಬಿಯ ಹೊರಗಿಡಿ. ತೇವವನ್ನೂ ಫಂಗಸನ್ನೂ ಅದೇ ಸಾಕುತ್ತದೆ.

ಬಾಕಿ ಇರುವುದು ಬ್ಯಾಕ್‌ಲೈಟ್ ಪರೀಕ್ಷೆ: ದೀಪವನ್ನು ಚೌಕಟ್ಟಿನ ಒಳಗೆ, ಅಂಚಿನಲ್ಲಿ, ಸ್ವಲ್ಪ ಹೊರಗೆ ಇಟ್ಟು, ಹುಡ್ ಹಾಕಿಯೂ ತೆಗೆದೂ. ಅದಕ್ಕೆ ಮೊದಲು ಎರಡನೇ ಅಡಾಪ್ಟರಿಗೂ ಕಪ್ಪು ಪಟ್ಟಿ ಅಂಟಿಸಬೇಕು.